ಕಲ್ಲಿನೊಳಗಿನ ಖಾಲಿ ಜಾಗ ಹುಡುಕಿದ ಮ್ಯಾಕ್ಸ್ ಸ್ಟೈನೆಕಿ

ಜಿಯಾಲಜಿ ಲ್ಯಾಬ್‌ನಲ್ಲಿ ಸುಣ್ಣದಕಲ್ಲಿನ ಮೇಲೆ ಆ್ಯಸಿಡ್ ಹನಿ ಹಾಕಿ ನೊರೆ ಬರೋದನ್ನ ಸಿವಿಲ್‌ನವರೆಲ್ಲ ನೋಡಿದ್ದೇವೆ. ನಾನು ರೆಕಾರ್ಡ್‌ನಲ್ಲಿ ಲೈಮ್‌ಸ್ಟೋನ್, ಸೆಡಿಮೆಂಟರಿ, ಆ್ಯಸಿಡ್ ಹಾಕಿದರೆ ನೊರೆ ಬರುತ್ತದೆ ಅಂತ ಮೂರು ಸಾಲು ಬರೆದು, ಸೈನ್ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋದೆ. ಅದೇ ಜಾತಿಯ ಕಲ್ಲಿನೊಳಗೆ ಜಗತ್ತಿನ ಅತಿ ದೊಡ್ಡ ಎಣ್ಣೆ ನಿಕ್ಷೇಪ ಇದೆ ಅಂತ ಆವಾಗ ಗೊತ್ತಿರಲಿಲ್ಲ. ನಿಜ ಹೇಳಬೇಕಂದ್ರೆ, ಪೆಟ್ರೋಲಿಯಂ ಅಂದ್ರೆ ಭೂಮಿ ಒಳಗೆ ಎಲ್ಲೋ ದೊಡ್ಡ ಕೆರೆ ತರ ನಿಂತಿರುತ್ತೆ, ಪೈಪ್ ಇಳಿಸಿ ಹೀರ್ತಾರೆ ಅಂತಾನೇ ನಾನು ಅಂದುಕೊಂಡಿದ್ದೆ.

ಈ ತಪ್ಪು ಕಲ್ಪನೆ ಹೋಗಿದ್ದು ನನ್ನ ಮಾವನಿಂದ. ಅಮ್ಮನ ತಮ್ಮ, ದಮ್ಮಾಮ್‌ನಲ್ಲಿ ಕೆಲಸ ಮಾಡ್ತಾರೆ. ನಮ್ಮ ಕರಾವಳಿ ಕಡೆ ಮನೆಗೊಬ್ಬರಾದರೂ ಗಲ್ಫ್‌ನಲ್ಲಿ ಇರ್ತಾರಲ್ಲ, ಹಾಗೆ. ರಜೆಗೆ ಬಂದಾಗ ಅಲ್ಲಿ ಏಳನೇ ನಂಬರ್ ಅಂತ ಒಂದು ಹಳೆಯ ಬಾವಿ ಇದೆ, ಸೌದಿಯ ಎಣ್ಣೆ ಕಥೆಯೆಲ್ಲ ಅಲ್ಲಿಂದಲೇ ಶುರುವಾಯ್ತಂತೆ ಅಂದರು. ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿರಲಿಲ್ಲ. ನಾನು ಓದುತ್ತಾ ಹೋದಾಗ ಸಿಕ್ಕ ಹೆಸರು ಮ್ಯಾಕ್ಸ್ ಸ್ಟೈನೆಕಿ. ತೈಲ ಭೂವಿಜ್ಞಾನದವರಿಗೆ ತುಂಬಾ ಪರಿಚಿತ ಹೆಸರು. ನಮ್ಮ ಬ್ಯಾಚ್‌ನಲ್ಲಿ ಕೇಳಿದರೆ ಒಬ್ಬರೂ ಕೇಳಿರಲಿಲ್ಲ.

ಅವರ ಕಥೆಗೆ ಹೋಗುವ ಮೊದಲು ಒಂದು ವಿಷಯ ಕ್ಲಿಯರ್ ಮಾಡಿಕೊಳ್ಳೋಣ. ಎಣ್ಣೆ ಕೆರೆಯಾಗಿ ನಿಂತಿರಲ್ಲ, ಕಲ್ಲಿನೊಳಗೆ ಇರುತ್ತೆ. ನಮ್ಮೂರಿನ ಮುರಕಲ್ಲು ನೋಡಿದ್ದೀರಲ್ಲ, ಮೈತುಂಬ ತೂತು. ಮಳೆ ಬಂದರೆ ನೀರು ಕುಡಿಯುತ್ತೆ. ಹಾಗೆ ಒಂದು ಕಲ್ಲಿನ ಒಟ್ಟು ಗಾತ್ರದಲ್ಲಿ ಎಷ್ಟು ಪಾಲು ಖಾಲಿ ಅನ್ನೋದೇ ಪೊರೊಸಿಟಿ. ಆ ಖಾಲಿ ಜಾಗಗಳು ಒಂದಕ್ಕೊಂದು ಸೇರಿಕೊಂಡು ದ್ರವ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದು ಪರ್ಮಿಯಬಿಲಿಟಿ. ಎರಡೂ ಒಂದೇ ಅಲ್ಲ. ಹಾಸ್ಟೆಲ್‌ನಲ್ಲಿ ನೂರು ರೂಮ್ ಇದ್ದು ಒಂದಕ್ಕೂ ಬಾಗಿಲು ಇಲ್ಲದಿದ್ದರೆ ಪೊರೊಸಿಟಿ ಚೆನ್ನಾಗಿದೆ, ಪರ್ಮಿಯಬಿಲಿಟಿ ಸೊನ್ನೆ.

ಈಗ ಸ್ಟೈನೆಕಿ. ಹುಟ್ಟಿದ್ದು 1898ರಲ್ಲಿ, ಅಮೆರಿಕದ ಆರೆಗಾನ್ ರಾಜ್ಯದ ಬ್ರೂಕಿಂಗ್ಸ್ ಎಂಬ ಊರಿನಲ್ಲಿ. ಜರ್ಮನಿಯಿಂದ ವಲಸೆ ಬಂದ ಕುಟುಂಬ, ಮನೆ ತುಂಬ ಮಕ್ಕಳು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಕ್ಯಾಲಿಫೋರ್ನಿಯಾದಲ್ಲಿ ಮರದ ಮಿಲ್ ಕೆಲಸಕ್ಕೆ ಸೇರಿದರು. ಅಲ್ಲಿ ಒಬ್ಬ ಶಿಕ್ಷಕರ ಪ್ರೋತ್ಸಾಹದಿಂದ ಓದು ಮುಂದುವರಿಯಿತು. 1921ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಿಂದ ಜಿಯಾಲಜಿ ಡಿಗ್ರಿ ಪಡೆದು ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ, ಅಂದರೆ ಸೋಕಾಲ್ ಕಂಪನಿ ಸೇರಿದರು. ಅಲಾಸ್ಕಾ, ಕೊಲಂಬಿಯಾ, ನ್ಯೂಜಿಲೆಂಡ್ ಅಂತ ಹತ್ತು ಹನ್ನೆರಡು ವರ್ಷ ಕಲ್ಲು ಒಡೆಯುತ್ತಾ ಸುತ್ತಿದರು. ದೊಡ್ಡ ದೇಹ, ದೊಡ್ಡ ದನಿ, ಬಟ್ಟೆಬರೆ ಬಗ್ಗೆ ತಲೆ ಕೆಡಿಸಿಕೊಳ್ಳದ ಮನುಷ್ಯ ಅಂತ ಅವರನ್ನು ಬಲ್ಲವರು ಹೇಳುತ್ತಿದ್ದರಂತೆ. ಒಂದು ಪ್ರಶ್ನೆ ಹಿಡಿದರೆ ಬಿಡುತ್ತಿರಲಿಲ್ಲವಂತೆ.

1932ರಲ್ಲಿ ಬಹ್ರೇನ್ ದ್ವೀಪದಲ್ಲಿ ಇದೇ ಕಂಪನಿಯವರಿಗೆ ಎಣ್ಣೆ ಸಿಕ್ಕಿತು. ಸುಮಾರು 600 ಮೀಟರ್ ಆಳದಲ್ಲಿ, ಕ್ರಿಟೇಷಿಯಸ್ ಕಾಲದ ಸುಣ್ಣದಕಲ್ಲಿನ ಪದರದಲ್ಲಿ. ಆ ಪದರಕ್ಕೆ ಬಹ್ರೇನ್ ಝೋನ್ ಅಂತಲೇ ಹೆಸರಾಯ್ತು. ದ್ವೀಪದಲ್ಲಿ ನಿಂತು ನೋಡಿದರೆ ಸಮುದ್ರದಾಚೆ ಸೌದಿ ತೀರದ ದಹ್ರಾನ್ ಗುಡ್ಡಗಳು ಕಾಣುತ್ತವೆ. ಅಲ್ಲೂ ಪದರಗಳು ಗುಮ್ಮಟದ ಹಾಗೆ ಉಬ್ಬಿಕೊಂಡಿವೆ. ಇಲ್ಲಿ ಸಿಕ್ಕಿದ್ದು ಅಲ್ಲೂ ಸಿಗಬೇಕು ಅಲ್ವಾ? ಸೋಕಾಲ್ 1933ರ ಮೇ 29ರಂದು ಜಿದ್ದಾದಲ್ಲಿ ಸೌದಿ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಮೊದಲ ಜಿಯಾಲಜಿಸ್ಟ್‌ಗಳು ಜುಬೈಲ್‌ಗೆ ಬಂದಿಳಿದರು. ಸ್ಟೈನೆಕಿ ಬಂದಿದ್ದು 1934ರಲ್ಲಿ. 1936ರಲ್ಲಿ ಅಲ್ಲಿನ ಮುಖ್ಯ ಭೂವಿಜ್ಞಾನಿಯಾದರು.

ಇಲ್ಲಿಂದ ಮುಂದಿನದು ನಮ್ಮ ಕಡೆಯ ಬೋರ್‌ವೆಲ್ ಕಥೆ ಇದ್ದ ಹಾಗೇ ಇದೆ. ಪಕ್ಕದ ಮನೆಯವರಿಗೆ ಮೂರು ಇಂಚು ನೀರು, ನಮಗೆ ಬರೀ ಧೂಳು. ದಮ್ಮಾಮ್ ಗುಮ್ಮಟದ ಮೇಲೆ ಮೊದಲ ಬಾವಿ 1935ರ ಏಪ್ರಿಲ್‌ನಲ್ಲಿ ಶುರು. ಗ್ಯಾಸ್ ಬಂತು, ಎಣ್ಣೆ ಸ್ವಲ್ಪ ಬಂತು, ವ್ಯಾಪಾರಕ್ಕೆ ಸಾಲದು. ಎರಡನೇ ಬಾವಿ 1936ರ ಜೂನ್‌ನಲ್ಲಿ ಟೆಸ್ಟ್ ಮಾಡಿದಾಗ ದಿನಕ್ಕೆ 335 ಬ್ಯಾರೆಲ್ ಕೊಟ್ಟಿತು. ಆಮೇಲೆ ಬಾವಿಯೊಳಗೆ ಆ್ಯಸಿಡ್ ಬಿಟ್ಟರು. ಹೌದು, ನಮ್ಮ ಲ್ಯಾಬ್‌ನ ಅದೇ ಪ್ರಯೋಗ, ನೂರಾರು ಮೀಟರ್ ಆಳದಲ್ಲಿ! ಆ್ಯಸಿಡ್ ಸುಣ್ಣದಕಲ್ಲನ್ನು ಕರಗಿಸಿ, ಕಿರಿದಾದ ದಾರಿಗಳನ್ನು ಅಗಲ ಮಾಡುತ್ತೆ. ಲೆಕ್ಕ 3,840 ಬ್ಯಾರೆಲ್‌ಗೆ ಏರಿತು. ಇದನ್ನು ಓದಿದಾಗ ರೆಕಾರ್ಡ್‌ನಲ್ಲಿ ಮೂರೇ ಸಾಲು ಬರೆದಿದ್ದಕ್ಕೆ ನನಗೆ ಸ್ವಲ್ಪ ನಾಚಿಕೆ ಆಯ್ತು.

ಕಂಪನಿ ಖುಷಿಯಲ್ಲಿ ಸಾಲಾಗಿ ಬಾವಿ ಕೊರೆಯಲು ಆರ್ಡರ್ ಕೊಟ್ಟಿತು. ಜನ ಬಂದರು, ಮೆಷಿನ್ ಬಂತು, ಮನೆಗಳು ಎದ್ದವು. ಆದರೆ ಎರಡನೇ ಬಾವಿಯಲ್ಲಿ ನಿಧಾನಕ್ಕೆ ಎಣ್ಣೆ ಕಮ್ಮಿಯಾಗಿ ನೀರೇ ಜಾಸ್ತಿ ಬರತೊಡಗಿತು. ಮೂರನೆಯದು ದಿನಕ್ಕೆ ನೂರು ಬ್ಯಾರೆಲ್ ದಾಟಲಿಲ್ಲ. ನಾಲ್ಕು, ಐದು ಒಣ. ಆರರಲ್ಲೂ ಭರವಸೆ ಇರಲಿಲ್ಲ. ಕೆಲವೇ ಕಿಲೋಮೀಟರ್ ಆಚೆ ಬಹ್ರೇನ್‌ನಲ್ಲಿ ಚೆನ್ನಾಗಿ ಎಣ್ಣೆ ಕೊಡುತ್ತಿದ್ದ ಅದೇ ಪದರ ಇಲ್ಲಿ ಕೈಕೊಟ್ಟಿತು.

ಅದೇ ಪದರ, ಅದೇ ಹೆಸರು, ಅದೇ ವಯಸ್ಸು, ಆದರೂ ಹೀಗೆ ಯಾಕಾಗುತ್ತೆ? ನಾನು ಈ ಲೇಖನ ಬರೆಯೋಕೆ ಮುಖ್ಯ ಕಾರಣ ಈ ಪ್ರಶ್ನೆಯೇ. ಒಂದು ಜಾಗದಲ್ಲಿ ಎಣ್ಣೆ ನಿಲ್ಲಬೇಕಾದರೆ ಪದರದ ಉಬ್ಬು ಬೇಕು, ಮೇಲೆ ಗಟ್ಟಿ ಮುಚ್ಚಳ ಬೇಕು, ಎಣ್ಣೆ ಹರಿದು ಬರೋಕೆ ದಾರಿ ಬೇಕು. ಇದರಲ್ಲಿ ಯಾವುದು ಕೈಕೊಟ್ಟರೂ ಬಾವಿ ಒಣ. ಆದರೆ ಸುಣ್ಣದಕಲ್ಲಿನ ವಿಷಯದಲ್ಲಿ ಕಲ್ಲಿನ ತೂತೇ ದೊಡ್ಡ ತಲೆನೋವು.

ಮರಳುಗಲ್ಲಿನ ಕಣಗಳನ್ನು ನದಿಯೋ ಗಾಳಿಯೋ ಎಲ್ಲಿಂದಲೋ ಹೊತ್ತು ತಂದು ಹಾಕುತ್ತೆ. ಅದು ಕ್ವಾರ್ಟ್ಜ್, ಸುಲಭಕ್ಕೆ ಬದಲಾಗಲ್ಲ. ಕಾರ್ಬೊನೇಟ್ ಕಲ್ಲು ಹಾಗಲ್ಲ. ಅದು ಹೆಚ್ಚಾಗಿ ಹುಟ್ಟಿದ ಜಾಗದಲ್ಲೇ ಕಲ್ಲಾಗುತ್ತೆ. ಬಿಸಿಯಾದ, ಆಳ ಇಲ್ಲದ, ತಿಳಿಯಾದ ಸಮುದ್ರದಲ್ಲಿ ಚಿಪ್ಪು, ಹವಳ, ಪಾಚಿ ಇವುಗಳ ಚೂರುಗಳು ಸೇರಿ ಆಗುತ್ತೆ. ಇನ್ನೊಂದು ಬಗೆಯ ಕಣ ಊಯಿಡ್. ಅಲೆಗಳಿಗೆ ಸಿಕ್ಕ ಸಣ್ಣ ಚೂರು ಹಿಂದೆ ಮುಂದೆ ಉರುಳುತ್ತಾ ಅದರ ಸುತ್ತ ಕ್ಯಾಲ್ಸಿಯಂ ಕಾರ್ಬೊನೇಟ್ ಪದರ ಪದರವಾಗಿ ಕೂರುತ್ತೆ. ಥೇಟ್ ಸಾಬಕ್ಕಿ ಕಾಳು. ಗುಂಡು ಕಣಗಳನ್ನು ಒಂದರ ಮೇಲೊಂದು ನೇರವಾಗಿ ಜೋಡಿಸಿದರೆ ಮಧ್ಯೆ ಉಳಿಯುವ ಖಾಲಿ ಜಾಗ ಸುಮಾರು 48 ಪರ್ಸೆಂಟ್, ತುಂಬಾ ಒತ್ತಾಗಿ ಜೋಡಿಸಿದರೆ ಸುಮಾರು 26. ಕಣ ದೊಡ್ಡದಿರಲಿ ಚಿಕ್ಕದಿರಲಿ, ಎಲ್ಲ ಒಂದೇ ಸೈಜ್ ಆಗಿದ್ದರೆ ಈ ಲೆಕ್ಕ ಬದಲಾಗಲ್ಲ. ಬೇಕಾದರೆ ಹಾಳೆ ತಗೊಂಡು ಮಾಡಿ ನೋಡಿ.

ಆಮೇಲೆ ಶುರುವಾಗೋದು ಅಸಲಿ ಆಟ. ಬೂಂದಿ ಲಾಡು ನೆನಪಿಸಿಕೊಳ್ಳಿ. ಕಾಳುಗಳ ಮಧ್ಯೆ ಸಂದು ಇದೆ. ಪಾಕ ಹದವಾಗಿದ್ದರೆ ಕಾಳು ಅಂಟಿಕೊಳ್ಳುತ್ತೆ, ಸಂದೂ ಉಳಿಯುತ್ತೆ. ಪಾಕ ಜಾಸ್ತಿಯಾಗಿ ಗಟ್ಟಿಯಾದರೆ ಸಂದೆಲ್ಲ ಮುಚ್ಚಿ ಕಲ್ಲಿನಂಥ ಲಾಡು. ಸುಣ್ಣದಕಲ್ಲಿನಲ್ಲೂ ಅಷ್ಟೇ, ಒಳಗೆ ಹರಿಯುವ ನೀರಿನಿಂದ ಕ್ಯಾಲ್ಸೈಟ್ ಹರಳು ಕಟ್ಟಿ ಸಂದು ತುಂಬಿಬಿಡಬಹುದು. ಶಹಾಬಾದ್ ಕಲ್ಲು ನೋಡಿ, ನೆಲಕ್ಕೆ ಹಾಕ್ತಾರೆ, ಕಣ್ಣಿಗೆ ಒಂದು ತೂತೂ ಕಾಣಲ್ಲ. ಅದೂ ಸುಣ್ಣದಕಲ್ಲೇ. ಕೆಲವೊಮ್ಮೆ ಉಲ್ಟಾ ಆಗುತ್ತೆ. ನೀರು ಕಾಳನ್ನೇ ಕರಗಿಸಿ, ಸುತ್ತಲಿನ ಪಾಕ ಮಾತ್ರ ಉಳಿಸುತ್ತೆ. ಇರುವೆ ಕಾಳು ತಿಂದು ಪಾಕದ ಗೂಡು ಬಿಟ್ಟು ಹೋದ ಹಾಗೆ. ಆಗ ತೂತು ಬೇಕಾದಷ್ಟು, ಆದರೆ ಒಂದಕ್ಕೊಂದು ದಾರಿ ಇಲ್ಲ.

ಇನ್ನೂ ಒಂದು ದಾರಿ ಇದೆ. ಕ್ಯಾಲ್ಸೈಟ್‌ನಲ್ಲಿನ ಅರ್ಧ ಕ್ಯಾಲ್ಸಿಯಂ ಜಾಗಕ್ಕೆ ಮೆಗ್ನೀಷಿಯಂ ಬಂದು ಡೋಲೊಮೈಟ್ ಆಗೋದು. ಎರಡು ಮೋಲ್ ಕ್ಯಾಲ್ಸೈಟ್‌ನಿಂದ ಒಂದು ಮೋಲ್ ಡೋಲೊಮೈಟ್ ಆದರೆ ಗಾತ್ರ ಸುಮಾರು 13 ಪರ್ಸೆಂಟ್ ಕುಗ್ಗುತ್ತೆ. ಪ್ರಕೃತಿಯಲ್ಲಿ ಎಲ್ಲ ಕಡೆ ಈ ಸರಳ ಲೆಕ್ಕದಂತೆ ಆಗಲ್ಲ, ಡೋಲೊಮೈಟ್ ಜಾಸ್ತಿಯಾಗಿ ತೂತು ಮುಚ್ಚಿರುವ ಕಲ್ಲುಗಳೂ ಇವೆ. ಒಟ್ಟಿನಲ್ಲಿ ಕಾರ್ಬೊನೇಟ್ ಕಲ್ಲು ಹುಟ್ಟಿದಾಗ ಹೇಗಿತ್ತು ಅನ್ನೋದು ಅರ್ಧ ಕಥೆ. ಹುಟ್ಟಿದ ಮೇಲೆ ಅದರ ಮೇಲೆ ಏನೇನು ಆಯ್ತು ಅನ್ನೋದು ಉಳಿದರ್ಧ. ಒಂದು ಬಾವಿಯ ಕಲ್ಲು ನೋಡಿ ಪಕ್ಕದ ಬಾವಿಯ ಬಗ್ಗೆ ಧೈರ್ಯವಾಗಿ ಏನೂ ಹೇಳೋಕಾಗಲ್ಲ.

ಮತ್ತೆ 1936ಕ್ಕೆ ಬರೋಣ. ಡಿಸೆಂಬರ್‌ನಲ್ಲಿ ಏಳನೇ ಬಾವಿ ಶುರುವಾಯ್ತು. ಇದನ್ನು ಬಹ್ರೇನ್ ಝೋನ್ ದಾಟಿ ಇನ್ನೂ ಕೆಳಗೆ ಏನಿದೆ ಅಂತ ನೋಡಲೆಂದೇ ಕೊರೆದದ್ದು. ಕೆಲಸ ಸಲೀಸಾಗಿ ನಡೀಲಿಲ್ಲ. ಪೈಪ್ ಸಿಕ್ಕಿಹಾಕಿಕೊಳ್ಳೋದು, ಬಿಟ್ ಕಳೆದುಹೋಗೋದು, ಗೋಡೆ ಕುಸಿಯೋದು. ವರ್ಷ ಕಳೆದರೂ ಎಣ್ಣೆ ಇಲ್ಲ. ಅತ್ತ ಸ್ಯಾನ್ ಫ್ರಾನ್ಸಿಸ್ಕೋದ ಆಫೀಸಿನವರಿಗೆ ಖರ್ಚಿನ ಲೆಕ್ಕ ನೋಡಿ ನಿದ್ದೆ ಇಲ್ಲ.

ಬಾವಿ ಇಳಿಯುತ್ತಿದ್ದ ಆ ದಿನಗಳಲ್ಲೇ, 1937ರಲ್ಲಿ, ಸ್ಟೈನೆಕಿ ಪೂರ್ವ ತೀರದಿಂದ ಕೆಂಪು ಸಮುದ್ರದ ಜಿದ್ದಾವರೆಗೆ ಕಾರಿನಲ್ಲಿ ಹೋಗಿ ಬಂದರು. ರಸ್ತೆಯೇ ಇಲ್ಲದ ಮರುಭೂಮಿ. ದಾರಿಯುದ್ದಕ್ಕೂ ಬಂಡೆಗಳನ್ನು ಅಳೆದು ನೋಟ್ ಮಾಡಿಕೊಂಡರು. ಆ ಪಯಣ ಇಡೀ ದೇಶದ ರಚನೆಯನ್ನು ಕಣ್ಣಮುಂದೆ ತಂದಿತು. ಪಶ್ಚಿಮದಲ್ಲಿ ಹಳೆಯ ಗ್ರಾನೈಟ್ ಜಾತಿಯ ಬಂಡೆ. ಅದರ ಮೇಲೆ ಪುಸ್ತಕ ಓರೆಯಾಗಿ ಇಟ್ಟ ಹಾಗೆ ಪೂರ್ವಕ್ಕೆ ಸ್ವಲ್ಪವೇ ಬಾಗಿದ ಪದರಗಳು. ಈಗ ರಿಯಾದ್ ಇರುವ ಕಡೆ ತುವೈಕ್ ಕಡಿದಾದ ಗುಡ್ಡಸಾಲಿನಲ್ಲಿ ಜುರಾಸಿಕ್ ಕಾಲದ ಸುಣ್ಣದಕಲ್ಲು ಬಿಸಿಲಿಗೆ ಮೈ ಒಡ್ಡಿ ನಿಂತಿದೆ. ಅದೇ ಕಾಲದ ಪದರಗಳು ಪೂರ್ವಕ್ಕೆ ಇಳಿಯುತ್ತಾ ಇಳಿಯುತ್ತಾ ದಹ್ರಾನ್ ಕೆಳಗೆ ಆಳದಲ್ಲಿ ಇರಲೇಬೇಕು. ಅಂದರೆ ಬಾವಿ ತಲುಪಬೇಕಾದ ಕಲ್ಲನ್ನು ಅವರು ನೂರಾರು ಕಿಲೋಮೀಟರ್ ದೂರದಲ್ಲಿ ಕೈಯಲ್ಲಿ ಮುಟ್ಟಿ ನೋಡಿ ಬಂದಿದ್ದರು. ಅಲ್ಲಿ ಮುಟ್ಟಿದ ಕಲ್ಲಿನ ತೂತು ಇಲ್ಲಿಯೂ ಹಾಗೇ ಇರುತ್ತದೆ ಎಂಬ ಗ್ಯಾರಂಟಿ ಮಾತ್ರ ಯಾರೂ ಕೊಡುವಂತಿರಲಿಲ್ಲ. ಅದನ್ನು ಮೇಲೆ ನಾನೇ ಬರೆದಿದ್ದೇನಲ್ಲ.

1938ರ ಶುರುವಿನಲ್ಲಿ ಕಂಪನಿಯವರು ಅವರನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆಸಿ, ಮುಂದುವರಿಸಬೇಕೋ ಬೇಡವೋ ಅಂತ ಕೇಳಿದರು, ಇವರು ಕೊರೆಯುವುದನ್ನು ನಿಲ್ಲಿಸಬೇಡಿ ಅಂದರು ಅನ್ನೋದು ಈ ಕಥೆಯಲ್ಲಿ ಎಲ್ಲರೂ ಹೇಳುವ ಘಟ್ಟ. ಆ ರೂಮಿನಲ್ಲಿ ಕೂತಿದ್ದವರಿಗೆ ಆರು ಬಾವಿಯ ಲಾಸ್ ಕಣ್ಣಮುಂದೆ ಇತ್ತು. ಇವರ ಕೈಯಲ್ಲಿ ಇದ್ದದ್ದು ನೋಟ್‌ಬುಕ್ ಮತ್ತು ಬಾಗಿದ ಪದರಗಳ ಒಂದು ಚಿತ್ರ.

1938ರ ಮಾರ್ಚ್ 4. ಸುಮಾರು 1,440 ಮೀಟರ್ ಆಳದಲ್ಲಿ ಎಣ್ಣೆ ಬಂತು, ದಿನಕ್ಕೆ 1,585 ಬ್ಯಾರೆಲ್. ಒಂದು ಬ್ಯಾರೆಲ್ ಅಂದರೆ 159 ಲೀಟರ್, ಅಂದರೆ ಹತ್ತಿರ ಹತ್ತಿರ ಎರಡೂವರೆ ಲಕ್ಷ ಲೀಟರ್. ಮೂರು ದಿನದಲ್ಲಿ ಅದು 3,690 ಬ್ಯಾರೆಲ್ ಆಯ್ತು. ಒಣಗಿದ್ದ ಎರಡು ಮತ್ತು ನಾಲ್ಕನೇ ಬಾವಿಗಳನ್ನು ಅದೇ ಆಳಕ್ಕೆ ಇಳಿಸಿದಾಗ ಅಲ್ಲೂ ಎಣ್ಣೆ. ಏಳನೇ ಬಾವಿ 1982ರವರೆಗೆ ಕೆಲಸ ಮಾಡಿ ಒಟ್ಟು 3.2 ಕೋಟಿ ಬ್ಯಾರೆಲ್ ಕೊಟ್ಟಿತು. ಆಮೇಲೆ ಜನ ಅದನ್ನು ಲಕ್ಕಿ ಸೆವೆನ್ ಅಂತ ಕರೆದರು. ನನಗೆ ಈ ಹೆಸರು ಅಷ್ಟು ಹಿಡಿಸಲಿಲ್ಲ. ಅದೃಷ್ಟವೇ ಆಗಿದ್ದರೆ ನಾಲ್ಕನೇ ಬಾವಿಗೆ ಯಾಕೆ ಎರಡನೇ ಸಲ ಕೊರೆದಾಗ ಎಣ್ಣೆ ಬಂತು?

ಅಲ್ಲಿ ಸಿಕ್ಕಿದ್ದು ಅರಬ್ ಝೋನ್. ಜುರಾಸಿಕ್ ಕಾಲದ ಕೊನೆಯಲ್ಲಿ, ಸುಮಾರು 15 ಕೋಟಿ ವರ್ಷದ ಹಿಂದೆ, ಅಲ್ಲಿ ಅಗಲವಾದ ತಗ್ಗು ಸಮುದ್ರ ಇತ್ತು. ನಾಲ್ಕು ಸಲ ಒಂದೇ ಕಥೆ ನಡೆದಿದೆ. ಸಮುದ್ರದಲ್ಲಿ ಸುಣ್ಣದ ಕೆಸರು, ಅದರ ಮೇಲೆ ಚಿಪ್ಪು ಮತ್ತು ಊಯಿಡ್ ಕಣಗಳ ಪದರ, ಆಮೇಲೆ ನೀರು ಆವಿಯಾಗಿ ಉಪ್ಪಿನಂಥ ಅನ್‌ಹೈಡ್ರೈಟ್. ಮೇಲಿನಿಂದ ಎ, ಬಿ, ಸಿ, ಡಿ ಅಂತ ಹೆಸರು. ಎಲ್ಲಕ್ಕಿಂತ ಕೆಳಗಿನ ಅರಬ್-ಡಿ ಎಲ್ಲಕ್ಕಿಂತ ಶ್ರೀಮಂತ. ಅದರ ಮೇಲ್ಭಾಗದಲ್ಲಿ ಕೆಸರು ಕಮ್ಮಿ, ಕಣ ಜಾಸ್ತಿ, ಪಾಕ ಹದವಾಗಿ ಬಿದ್ದ ಲಾಡು. ತೂತೂ ಇದೆ, ದಾರಿಯೂ ಇದೆ. ಮೇಲೆ ತೂತೇ ಇಲ್ಲದ ಅನ್‌ಹೈಡ್ರೈಟ್ ಮುಚ್ಚಳ, ಡಬ್ಬಿಗೆ ಬಿಗಿಯಾಗಿ ಹಾಕಿದ ಹಾಗೆ. ಎಣ್ಣೆ ಹುಟ್ಟಿದ್ದು ಇನ್ನೂ ಕೆಳಗಿನ, ಜೈವಿಕ ಪದಾರ್ಥ ತುಂಬಿದ ಜುರಾಸಿಕ್ ಸುಣ್ಣದ ಕೆಸರಿನಲ್ಲಿ. ಹುಟ್ಟಿದ ಜಾಗ, ಕೂರುವ ಜಾಗ, ಮುಚ್ಚಳ ಮೂರೂ ಹೀಗೆ ಮೇಲಿಂದ ಮೇಲೆ ಸಿಗೋದು ಅಪರೂಪ.

1939ರ ಮೇ 1ರಂದು ರಾಸ್ ತನೂರಾದಲ್ಲಿ ರಾಜ ಅಬ್ದುಲ್ ಅಜೀಜ್ ವಾಲ್ವ್ ತಿರುಗಿಸಿ ಮೊದಲ ಟ್ಯಾಂಕರ್‌ಗೆ ಎಣ್ಣೆ ತುಂಬಿಸಿದರು. ಪೇಪರಿನವರಿಗೆ ಕಥೆ ಅಲ್ಲಿಗೆ ಮುಗಿಯಿತು. ಸ್ಟೈನೆಕಿಗೆ ಹೊಸ ತಲೆನೋವು ಶುರು. ದಹ್ರಾನ್‌ನಲ್ಲಿ ಗುಮ್ಮಟ ಕಣ್ಣಿಗೆ ಕಾಣುತ್ತಿತ್ತು. ಉಳಿದ ಕಡೆ ಎಲ್ಲ ಮರಳು, ಜಲ್ಲಿ, ಮಟ್ಟಸ ನೆಲ. ಕೆಳಗೆ ಪದರ ಎಲ್ಲಿ ಉಬ್ಬಿದೆ ಅಂತ ಹೇಗೆ ತಿಳಿಯೋದು? ಅವರ ಉಪಾಯ ನಮ್ಮ ಸರ್ವೇಯಿಂಗ್ ಕ್ಲಾಸಿನ ಹುಡುಗರಿಗೆ ಕೂಡಲೇ ಅರ್ಥವಾಗುತ್ತೆ. ಎಣ್ಣೆಗಾಗಿ ಅಲ್ಲ, ಬರೀ ಅಳತೆಗಾಗಿ ಅಲ್ಲಲ್ಲಿ ಸಣ್ಣ, ಆಳ ಕಮ್ಮಿ ಇರುವ ತೂತು ಕೊರೆಯಿರಿ. ಗುರುತಿಗೆ ಒಂದು ಪದರ ಆರಿಸಿ, ಅದು ಪ್ರತಿ ತೂತಿನಲ್ಲಿ ಎಷ್ಟು ಆಳದಲ್ಲಿ ಸಿಗುತ್ತೆ ಬರೆಯಿರಿ. ಆ ನಂಬರ್‌ಗಳಿಗೆ ಕಾಂಟೂರ್ ಎಳೆಯಿರಿ. ನೆಲದಡಿಯ ಗುಡ್ಡ ಹಾಳೆಯ ಮೇಲೆ ಎದ್ದು ನಿಲ್ಲುತ್ತೆ. ಇದಕ್ಕೆ ಸ್ಟ್ರಕ್ಚರ್ ಡ್ರಿಲ್ಲಿಂಗ್ ಅಂತ ಹೆಸರು. 1940ರಲ್ಲಿ ಅಬ್ಕೈಕ್ ಎಂಬ ದೊಡ್ಡ ನಿಕ್ಷೇಪ ಸಿಕ್ಕಿದ್ದು ಹೀಗೆಯೇ.

ಯುದ್ಧ ಬಂದು ಕೆಲಸ ಕುಂಟಿತು. 1948ರಲ್ಲಿ ಐನ್ ದಾರ್‌ನಲ್ಲಿ, 1949ರಲ್ಲಿ ಅದರಿಂದ ಬಹಳ ದಕ್ಷಿಣಕ್ಕಿರುವ ಹರದ್‌ನಲ್ಲಿ, ಆಮೇಲೆ ಉತ್ಮಾನಿಯಾದಲ್ಲಿ ಎಣ್ಣೆ ಸಿಕ್ಕಿತು. ಬೇರೆ ಬೇರೆ ಅಂದುಕೊಂಡಿದ್ದ ಇವೆಲ್ಲ ಕೊನೆಗೆ ಒಂದೇ ನಿಕ್ಷೇಪ ಅಂತ ಗೊತ್ತಾಯ್ತು. ಹೆಸರು ಘವಾರ್. ಸುಮಾರು 280 ಕಿ.ಮೀ ಉದ್ದ, 30 ಕಿ.ಮೀ ಅಗಲ. ಬೆಂಗಳೂರಿನಿಂದ ದಾವಣಗೆರೆ ದಾಟುವಷ್ಟು ಉದ್ದದ ಒಂದೇ ಎಣ್ಣೆಕಲ್ಲು! ಅಲ್ಲೂ ಅದೇ ಅರಬ್-ಡಿ.

ಇದನ್ನೆಲ್ಲ ಸ್ಟೈನೆಕಿ ಒಬ್ಬರೇ ಮಾಡಿದರು ಅಂತ ಬರೆದರೆ ಸುಳ್ಳಾಗುತ್ತೆ. ರಿಗ್ ಮೇಲೆ ಬಿಸಿಲಲ್ಲಿ ದುಡಿದ ಸೌದಿ, ಬಹ್ರೇನಿ, ಅಮೆರಿಕನ್ ಕೆಲಸಗಾರರ ಹೆಸರು ಪುಸ್ತಕಗಳಲ್ಲಿ ಸಿಗೋದು ಕಷ್ಟ. ಸಿಗುವ ಒಂದು ಹೆಸರು ಖಮೀಸ್ ಬಿನ್ ರಿಮ್ಥಾನ್. ಅಜ್ಮಾನ್ ಬುಡಕಟ್ಟಿನ ಮಾರ್ಗದರ್ಶಿ. ಮ್ಯಾಪ್ ಇಲ್ಲದ ನಾಡಿನಲ್ಲಿ ಬಾವಿ, ದಿಬ್ಬ, ದಾರಿ ಎಲ್ಲ ಅವರ ತಲೆಯಲ್ಲೇ ಇತ್ತು. ಅವರು ಮುಂದೆ ಕೂರದಿದ್ದರೆ ಜಿಯಾಲಜಿಸ್ಟ್‌ಗಳು ಕಲ್ಲು ಹುಡುಕೋದು ಹಾಗಿರಲಿ, ಕ್ಯಾಂಪಿಗೆ ವಾಪಸ್ ಬರೋದೇ ಡೌಟು. 1959ರಲ್ಲಿ ತೀರಿಕೊಂಡರು. 1974ರಲ್ಲಿ ಸಿಕ್ಕ ಒಂದು ಎಣ್ಣೆ ನಿಕ್ಷೇಪಕ್ಕೆ ರಿಮ್ಥಾನ್ ಅಂತ ಅವರ ಹೆಸರನ್ನೇ ಇಟ್ಟಿದ್ದಾರೆ.

ಸ್ಟೈನೆಕಿ ಆರೋಗ್ಯ ಕೆಟ್ಟು 1950ರಲ್ಲಿ ಮುಖ್ಯ ಭೂವಿಜ್ಞಾನಿ ಹುದ್ದೆ ಬಿಟ್ಟರು. 1951ರಲ್ಲಿ ಅಮೆರಿಕದ ಪೆಟ್ರೋಲಿಯಂ ಭೂವಿಜ್ಞಾನಿಗಳ ಸಂಘ ತನ್ನ ಅತಿ ದೊಡ್ಡ ಗೌರವವಾದ ಸಿಡ್ನಿ ಪವರ್ಸ್ ಪದಕ ಕೊಟ್ಟಿತು. ಮರುವರ್ಷ ತೀರಿಕೊಂಡರು, ವಯಸ್ಸು ಇನ್ನೂ ಅರವತ್ತೂ ಆಗಿರಲಿಲ್ಲ. ಅದೇ 1952ರಲ್ಲಿ ಶೆಲ್ ಕಂಪನಿಯ ಗಸ್ ಆರ್ಚಿ ಎಂಬ ಎಂಜಿನಿಯರ್ ಕಾರ್ಬೊನೇಟ್ ಕಲ್ಲುಗಳನ್ನು ಅವುಗಳ ತೂತಿನ ಪ್ರಕಾರ ವಿಂಗಡಿಸುವ ಲೇಖನ ಪ್ರಕಟಿಸಿದರು. 1962ರಲ್ಲಿ ಡನ್‌ಹ್ಯಾಮ್ ಕೆಸರು ಎಷ್ಟು, ಕಣ ಎಷ್ಟು ಅಂತ ನೋಡಿ ಹೆಸರಿಡುವ ಪದ್ಧತಿ ತಂದರು. 1970ರಲ್ಲಿ ಶೋಕೆಟ್ ಮತ್ತು ಪ್ರೇ ಇಬ್ಬರೂ ಸೇರಿ ಹದಿನೈದು ಬಗೆಯ ತೂತುಗಳನ್ನು ಪಟ್ಟಿ ಮಾಡಿದರು. 1974ರಲ್ಲಿ ನಮ್ಮ ಬಾಂಬೆ ಹೈನಲ್ಲಿ ಸಮುದ್ರದಡಿ ಎಣ್ಣೆ ಸಿಕ್ಕಿದಾಗ, ಅದೂ ಮುಖ್ಯವಾಗಿ ಸುಣ್ಣದಕಲ್ಲಿನಲ್ಲೇ, ಓದಿಕೊಳ್ಳೋಕೆ ಇದೆಲ್ಲ ರೆಡಿ ಇತ್ತು. ಏಳನೇ ಬಾವಿ ಕೊರೆಯುವಾಗ ಇದರಲ್ಲಿ ಒಂದೂ ಇರಲಿಲ್ಲ.

ಈ ಲೇಖನ ಬರೆದು ಮುಗಿಸೋ ಮುಂಚೆ ಮಾವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಇಷ್ಟು ವರ್ಷ ಅದೇ ರಸ್ತೆಯಲ್ಲಿ ಓಡಾಡಿದರೂ ಕಾಲಡಿ ಏನಿದೆ ಅಂತ ಯೋಚನೆ ಮಾಡಿರಲಿಲ್ಲ ಅಂತ ನಕ್ಕರು. ಮುಂದಿನ ಸಲ ಬರುವಾಗ ಖರ್ಜೂರದ ಜೊತೆ ರಸ್ತೆ ಬದಿಯ ಒಂದು ಸಣ್ಣ ಕಲ್ಲೂ ತರೋಕೆ ಹೇಳಿದ್ದೇನೆ. ಲ್ಯಾಬ್‌ಗೆ ತಗೊಂಡು ಹೋಗಿ ಒಂದು ಹನಿ ಆ್ಯಸಿಡ್ ಹಾಕಿ ನೋಡಬೇಕು.